ಹವಳದ ಬೆಳಕು

"ಇಲ್ಲಿ ಬೇಡ, ಸ್ವಲ್ಪ ಹೊರಗೆ ಬನ್ನಿ," ಎನ್ನುತ್ತ ಹೊಲಿಗೆ ಅಂಗಡಿಯ ಒಡತಿ ಕೋಟನ್ನು ಹ್ಯಾಂಗರಿನ ಸಮೇತ ಎತ್ತಿಕೊಂಡು ಫುಟ್‌ಪಾತಿಗೆ ಇಳಿದರು. ಪರೀಕ್ಷೆಗೆಂದು ಆ ಕೋಟು ಹೊಲಿದು ತಂದವಳು ಅವರ ಹಿಂದೆಯೇ ಹೋದಳು. ಪೊಟ್ಟಣ ಬಿಚ್ಚಿದಾಗಲೇ ಒಡತಿಯ ಹುಬ್ಬು ಗಂಟಿಕ್ಕಿದ್ದನ್ನು ಅವಳು ಗಮನಿಸಿದ್ದಳು. ಆದರೂ ಬಿಸಿಲಲ್ಲಿ ನೋಡಿದರೆ ಇವರಿಗೇ ಗೊತ್ತಾಗುತ್ತದೆ ಬಿಡು ಎಂದುಕೊಂಡಳು. ಕತ್ತುಪಟ್ಟಿ ಕೂರಿಸಿದ್ದರ ಬಗ್ಗೆ ಅವಳಿಗೆ ಅಷ್ಟು ಧೈರ್ಯವಿತ್ತು.

ಬಿಸಿಲು ಬಿದ್ದದ್ದೇ ತಡ, ಅವಳಿಗೂ ಕಂಡಿತು. ಬಟ್ಟೆ ಕಡುಹಸಿರು. ಅದರ ಕತ್ತುಪಟ್ಟಿ, ಜೇಬು, ತೋಳಿನ ಅಂಚು ಎಲ್ಲದರ ಮೇಲೂ ಸಾಲಾಗಿ ಓಡಿದ್ದ ಹೊಲಿಗೆ ಕೆಂಗಂದು. ಹೊಲಿಗೆ ನೇರವಾಗಿತ್ತು, ಒಂದು ಕಡೆಯೂ ತಪ್ಪಿರಲಿಲ್ಲ, ಅದರಿಂದಲೇ ಇನ್ನಷ್ಟು ಎದ್ದು ಕಾಣುತ್ತಿತ್ತು. ಯಾರದೋ ಮೈಮೇಲಿನ ಗಾಯಕ್ಕೆ ಹಾಕಿದ ಹೊಲಿಗೆಯ ಹಾಗಿತ್ತು.

"ಇದೇನು, ಹೊಸ ಫ್ಯಾಶನ್ನಾ?" ಒಡತಿ ಕೇಳಿದರು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದರು.

"ಇಲ್ಲ ಮೇಡಂ. ನಾನು ಹಸಿರು ದಾರಾನೇ ಹಾಕಿದ್ದು."

"ಇದು ಹಸಿರಾ?"

ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮನೆಯ ದಾರದ ಡಬ್ಬಿಯಲ್ಲಿ ಹಸಿರು ರೀಲೂ ಕೆಂಗಂದು ರೀಲೂ ಪಕ್ಕಪಕ್ಕದಲ್ಲೇ ಇದ್ದವು. ಬಟ್ಟೆಯ ಮೇಲೆ ಎಳೆ ಇಟ್ಟು ನೋಡಿಯೇ ಆರಿಸಿದ್ದಳು. ಹಾಗೆ ನೋಡಿದ್ದು ಯಾವ ಬೆಳಕಿನಲ್ಲಿ ಎಂಬುದು ಈಗ ನೆನಪಾಗಿ ಕಿವಿ ಬಿಸಿಯಾಯಿತು.

"ಮನೇಲಿ ಬೆಳಕು ಸರಿ ಇರಲಿಲ್ಲ ಮೇಡಂ."

"ಬೆಳಕಾ?" ಒಡತಿ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡರು. "ತಪ್ಪು ತಿಳ್ಕೋಬೇಡಿ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ. ನಿಮ್ಮ ಕೈ ಬಹಳ ಚೆನ್ನಾಗಿದೆ. ಆದ್ರೆ ಬಣ್ಣ ಗೊತ್ತಾಗದವರನ್ನ ಕಟಿಂಗ್ ಮೇಜಿಗೆ ಹೇಗೆ ಕೂರಿಸ್ಲಿ ಹೇಳಿ. ಇನ್ನೊಂದು ತುಂಡು ಬಟ್ಟೆ ಕೊಡ್ತೀನಿ. ಶುಕ್ರವಾರ ತನ್ನಿ. ಇದು ಕೊನೇದು."

ಆ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದ ಮುದುಕ ಕೆಲಸ ಬಿಡುವವನಿದ್ದ. ಆ ಜಾಗಕ್ಕೆ ಊರಿನ ಅರ್ಧ ದರ್ಜಿಗಳು ಕಣ್ಣಿಟ್ಟಿದ್ದರು. ಮನೆಯ ಮೂಲೆಯಲ್ಲಿ ಕೂತು ನೆರೆಹೊರೆಯವರ ಪ್ಯಾಂಟಿನ ಅಂಚು ಮಡಚಿ, ಜಿಪ್ಪು ಬದಲಾಯಿಸಿ ಸಾಕಾಗಿದ್ದವಳಿಗೆ ಅದು ಬರಿಯ ಕೆಲಸವಲ್ಲ. ದೊಡ್ಡ ಮೇಜು, ದೊಡ್ಡ ಕತ್ತರಿ, ಕೈತುಂಬ ಬಟ್ಟೆ. ಅದರ ಕನಸು ಕಂಡು ಕಂಡು ಅವಳಿಗೆ ಆ ಮೇಜಿನ ಉದ್ದ ಅಗಲ ಬಾಯಿಪಾಠವಾಗಿತ್ತು. ಅಂಥದ್ದು ಕೈಗೆ ಬಂದು ಜಾರುವಂತಾಗಿದ್ದು ಒಂದು ರೀಲು ದಾರದಿಂದ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಗಂಡನಿಗೆ ಹೇಳಬೇಕಾದ ಮಾತುಗಳನ್ನು ಹೊಂದಿಸಿಕೊಂಡಳು. ಎದುರಿಗೆ ಸಿಕ್ಕ ಪರಿಚಯದವರು "ಚೆನ್ನಾಗಿದೀರಾ?" ಎಂದರೆ "ಹೂಂ" ಎಂದ ಧ್ವನಿಗೆ ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಮನೆಯೆಂದರೆ ಒಂದು ಹಾಲು, ಅಡುಗೆಮನೆ, ಮತ್ತು ಅತ್ತೆ ಮಂಚ ಹಾಕಿಕೊಂಡಿದ್ದ ಒಂದು ಕೋಣೆ. ಹಾಲಿನ ಒಂದು ಗೋಡೆಗೆ ಅವಳ ಹೊಲಿಗೆ ಯಂತ್ರ. ಎದುರು ಗೋಡೆಯನ್ನು ಪೂರ್ತಿ ನುಂಗಿಕೊಂಡಿದ್ದದ್ದು ಗಂಡನ ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಉಪ್ಪುನೀರು, ಕಲ್ಲುಗಳ ಮೇಲೆ ಜೀವಂತ ಹವಳ, ಅವುಗಳ ನಡುವೆ ಕೆಲಸವಿಲ್ಲದೆ ಓಡಾಡುವ ನಾಲ್ಕಾರು ಮೀನು. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಕಟ್ಟಡಗಳ ಲಿಫ್ಟ್ ಗುಂಡಿಯೊಳಗೆ ಇಳಿದು, ಎಣ್ಣೆ ಜಿಡ್ಡಿನ ಕತ್ತಲಲ್ಲಿ ಟಾರ್ಚು ಕಚ್ಚಿಕೊಂಡು ದುಡಿಯುವವನಿಗೆ ಮನೆಗೆ ಬಂದ ಮೇಲೆ ಬಣ್ಣ ಬೇಕಿತ್ತು. ಇದು ಅವಳಿಗೂ ಗೊತ್ತಿತ್ತು. ಮೊದಮೊದಲು ಅವನ ಪಕ್ಕ ಕೂತು ಅವಳೂ ನೋಡಿದ್ದಳು. ಅತ್ತೆ ಮಾತ್ರ ಮೊದಲ ದಿನದಿಂದಲೂ ಆ ತೊಟ್ಟಿಯನ್ನು "ನನ್ನ ಕಿರಿಸೊಸೆ" ಎಂದೇ ಕರೆಯುತ್ತಿದ್ದರು. "ಹಿರಿಸೊಸೆಗೆ ಜ್ವರ ಬಂದ್ರೆ ಮಾತ್ರೆ ನುಂಗಿ ಮಲ್ಕೋ ಅಂತಾನೆ. ಕಿರಿಸೊಸೆಯ ನೀರಿಗೆ ಮಾತ್ರ ದಿನಾ ಥರ್ಮಾಮೀಟರು."

ಕಿರಿಸೊಸೆ ಬಂದ ಮೇಲೆ ಮನೆಯ ಬೆಳಕು ಒಂದೊಂದಾಗಿ ಹೋಯಿತು. ಬಿಸಿಲು ಬಿದ್ದರೆ ಗಾಜಿಗೆ ಪಾಚಿ ಕಟ್ಟುತ್ತದೆ ಎಂದು ಕಿಟಕಿಗೆ ದಪ್ಪ ಪರದೆ ಬಂತು. ಆ ಪರದೆಯನ್ನು ಹೊಲಿದುಕೊಟ್ಟವಳೂ ಅವಳೇ. ಟ್ಯೂಬ್‌ಲೈಟು ಗಾಜಿನಲ್ಲಿ ಗೆರೆಯಾಗಿ ಕಾಣುತ್ತದೆ ಎಂದು ಅದೂ ಹೋಯಿತು. ಕೊನೆಗೆ ಬಂದದ್ದು ಈ ಹೊಸ ಎಲ್ಇಡಿ ದೀಪ. ನೀಲಿ, ಕಡುನೀಲಿ, ನೇರಳೆ, ಬಿಳಿ, ಕೆಂಪು, ಹಸಿರು ಎಂದು ಆರು ಬಣ್ಣ. ಒಂದೊಂದನ್ನೂ ಹಳೆಯ ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಸರಿಸಿ ಏರಿಸಬಹುದು, ಇಳಿಸಬಹುದು. ತಿಂಗಳಾದರೂ ಗಂಡನ ಬೆರಳು ನಿಂತಿರಲಿಲ್ಲ. "ಈ ನೀಲಿ ಚೆನ್ನಾಗಿದ್ಯಾ, ಈಗ ನೋಡು, ಈ ನೀಲಿ ಚೆನ್ನಾಗಿದ್ಯಾ?" ಎಂದು ಮನೆಗೆ ಬಂದ ಗ್ಯಾಸಿನವನನ್ನೂ ನಿಲ್ಲಿಸಿಕೊಂಡು ಕೇಳುತ್ತಿದ್ದ. ಗ್ಯಾಸಿನವನು ಎರಡೂ ಚೆನ್ನಾಗಿದೆ ಎಂದು ಹೇಳಿ ತಪ್ಪಿಸಿಕೊಂಡಿದ್ದ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದವರು ಪಟ್ಟಿ ಬಿಚ್ಚುತ್ತಲೇ, ಡಾಕ್ಟರು ನನ್ನ ಕಣ್ಣಿಗೆ ಏನೋ ಮಾಡಿಬಿಟ್ಟ, ಎಲ್ಲ ನೀಲಿಯಾಗಿ ಕಾಣುತ್ತದೆ ಎಂದು ಅತ್ತುಬಿಟ್ಟಿದ್ದರು. ಪಾಪ, ತಪ್ಪು ಡಾಕ್ಟರದ್ದಾಗಿರಲಿಲ್ಲ.

ಸಂಜೆ ಗಂಡ ಬಂದು ಶೂ ಬಿಚ್ಚಿ, ಎಂದಿನಂತೆ ತೊಟ್ಟಿಯ ಮುಂದೆ ಮೊಬೈಲು ಹಿಡಿದು ಕೂತ. ಅವಳು ಕೋಟನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು.

"ರೀ, ಇದರ ಹೊಲಿಗೆ ಯಾವ ಬಣ್ಣ ಹೇಳಿ."

ಅವನು ಬಗ್ಗಿ ನೋಡಿದ. "ಬಟ್ಟೆ ಬಣ್ಣಾನೇ. ಯಾಕೆ?"

"ಬನ್ನಿ ಇಲ್ಲಿ." ರಟ್ಟೆ ಹಿಡಿದು ಅಡುಗೆಮನೆಯ ದೀಪದ ಕೆಳಗೆ ಎಳೆದುಕೊಂಡು ಹೋಗಿ ತೋರಿಸಿದಳು. ಅವನು ನೋಡಿ, "ಅಯ್ಯೋ" ಎಂದ. ಆ ಅಯ್ಯೋ ಇನ್ನೂ ಮುಗಿದಿರಲಿಲ್ಲ, "ದಾರಾನ ಹೊರಗೆ ತಗೊಂಡು ಹೋಗಿ ನೋಡ್ಬೇಕಿತ್ತು ಕಣೇ," ಎಂದ.

ಉರಿಯುವ ಬೆಂಕಿಗೆ ಎಣ್ಣೆ ಬಿತ್ತು. "ಹೊರಗೆ ಅಂದ್ರೆ ಎಲ್ಲಿ? ರಸ್ತೇಲಿ ಕೂತು ಹೊಲೀಲಾ? ಕಿಟಕಿ ಮುಚ್ಚಿದ್ರಿ, ಟ್ಯೂಬ್‌ಲೈಟು ಕಿತ್ತಾಕಿದ್ರಿ. ಹವಳಕ್ಕೆ ಯಾವ ನೀಲಿ ಬೇಕು ಅಂತ ತಿಂಗಳಿಂದ ಊರನ್ನೆಲ್ಲ ಕೇಳ್ತಿದೀರಿ. ನನಗೆ ಎಂಥ ಬೆಳಕು ಬೇಕು ಅಂತ ಒಂದಿನ ಕೇಳಿದ್ರಾ? ನಂಗೆ ಈ ವಾರ ಬಿಳಿ ಬೆಳಕು ಬೇಕು. ಶುಕ್ರವಾರ ಕೊಡ್ಬೇಕು ಇನ್ನೊಂದು ಕೋಟು."

"ಈ ವಾರ ಹೇಗಾಗತ್ತೆ?" ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ತಿಳಿಹೇಳುವವರ ತಾಳ್ಮೆಯಿತ್ತು. ಅವಳಿಗೆ ಆ ತಾಳ್ಮೆಯನ್ನು ಕಂಡರೇ ಆಗುತ್ತಿರಲಿಲ್ಲ. "ಭಾನುವಾರ ಹವಳ ಸಾಕೋ ನಮ್ಮ ಗುಂಪಿನವರು ನೋಡೋಕೆ ಬರ್ತಿದಾರೆ. ಈಗ ತಾನೇ ಬಣ್ಣ ಹಿಡೀತಾ ಇದೆ. ನಾನು ಬೇರೆ ನಾಳೆ ಬೆಳಿಗ್ಗೆ ಹೊರಡ್ಬೇಕು, ಹೊಸ ಆಸ್ಪತ್ರೆಗೆ ಲಿಫ್ಟ್ ಕೂರಿಸೋದಿದೆ, ಬರೋದು ಭಾನುವಾರಾನೇ. ಹೊಲಿಗೆ ಎಲ್ಲಿ ಕೂತ್ರೂ ಆಗತ್ತೆ. ಹವಳ ಎದ್ದು ಬೇರೆ ಕಡೆ ಹೋಗೋಕಾಗಲ್ಲ."

"ಸರಿ," ಎಂದಳು ಅವಳು. ಸರಿ ಎನ್ನುವ ಮಾತಿಗೆ ನಮ್ಮ ಮನೆಗಳಲ್ಲಿ ಎಷ್ಟು ಅರ್ಥವಿದೆಯೆಂದು ಅವನು ಇನ್ನೂ ಕಲಿತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಹೇಳಿಹೋದದ್ದು ಇಷ್ಟು: ಮೀನಿಗೆ ಚಿಟಿಕೆ ಆಹಾರ ಹಾಕು, ನೀರು ಇಳಿದರೆ ಕ್ಯಾನಿನಿಂದ ತುಂಬು, ಬೆಳಕು ಮಾತ್ರ ಮುಟ್ಟಬೇಡ. ಕೋಟಿನ ಸುದ್ದಿ ಎತ್ತಲಿಲ್ಲ. ಅವನು ಬೀದಿಯ ತಿರುವಿನಲ್ಲಿ ಮರೆಯಾದನೋ ಇಲ್ಲವೋ, ಅವಳು ಒಳಗೆ ಬಂದು ದೀಪದ ಆ ಹಳೆಯ ಮೊಬೈಲು ಎತ್ತಿಕೊಂಡಳು.

"ಏನೇ ಮಾಡ್ತಿದೀಯ?" ಅತ್ತೆ ಕೋಣೆಯಿಂದ ಇಣುಕಿದರು.

"ಬೆಳಗು ಮಾಡ್ತಿದೀನಿ ಅತ್ತೆ."

ಬಿಳಿಯನ್ನು ತುದಿಯವರೆಗೆ ಏರಿಸಿದಳು. ಸಾಲದೆನಿಸಿತು. ಕೆಂಪನ್ನೂ ಹಸಿರನ್ನೂ ಏರಿಸಿ ಹದ ನೋಡಿದಳು, ನೀಲಿಯನ್ನು ಇದ್ದಲ್ಲೇ ಬಿಟ್ಟಳು. ಡಬ್ಬಿಯಿಂದ ಒಂದೊಂದೇ ರೀಲು ತೆಗೆದು ಬೆಳಕಿಗೆ ಹಿಡಿದು, ಹಸಿರು ಹಸಿರಾಗಿ, ಕಂದು ಕಂದಾಗಿ ಕಾಣುವವರೆಗೆ ಬೆರಳು ಸರಿಸಿದಳು. ಹಾಲಿಗೆ ನಡುಮಧ್ಯಾಹ್ನ ಬಂದ ಹಾಗಾಯಿತು. ಗೋಡೆಯ ಮೂಲೆಯ ಜೇಡರ ಬಲೆ, ಕುರ್ಚಿಯ ಕೆಳಗಿನ ಧೂಳು, ಅತ್ತೆಯ ಸೀರೆಯ ಮೇಲಿನ ಕಾಫಿಯ ಕಲೆ ಎಲ್ಲ ಕಂಡವು.

ತೊಟ್ಟಿಯೊಳಗಿನ ಮಿಂಚು ಪೂರ್ತಿ ಮಾಯವಾಗಿತ್ತು. ಗಂಡ ಹೆಸರಿಟ್ಟು ಮುದ್ದು ಮಾಡುತ್ತಿದ್ದ ಹವಳಗಳೆಲ್ಲ ಮಣ್ಣು ಮೆತ್ತಿದ ಗೆಡ್ಡೆಯ ಹಾಗೆ, ಕಂದು ಕಂದಾಗಿ ಕೂತಿದ್ದವು.

ಅತ್ತೆ ಗಾಜಿನ ಹತ್ತಿರ ಮುಖ ತಂದರು. "ಇದೇನಾ ಇವನ ರಂಭೆ? ಬಣ್ಣ ತೊಳೆದ್ರೆ ಇಷ್ಟೇನಾ?" ಎಂದು ನಗತೊಡಗಿದರು. ಅವಳಿಗೂ ನಗು ಬಂತು. ನಗುತ್ತ ನಗುತ್ತ ಅವಳ ಸಿಟ್ಟು ಇನ್ನೂ ಗಟ್ಟಿಯಾಯಿತು. ಈ ಕೆಸರಿನ ಗೆಡ್ಡೆಗಳನ್ನು ಚಂದ ಕಾಣಿಸಲು ತಾನು ಕತ್ತಲಲ್ಲಿ ಕೂತೆನಲ್ಲ ಎನ್ನಿಸಿತು.

ಆ ವಾರ ಅವಳು ಕೆಲಸ ಮಾಡಿದ್ದು ನೋಡಬೇಕಿತ್ತು. ಬೆಳಿಗ್ಗೆ ಎದ್ದವಳೇ ದೀಪ ಹಾಕಿದರೆ ಮಲಗುವವರೆಗೂ ಆರಿಸುತ್ತಿರಲಿಲ್ಲ. ಬಟ್ಟೆಯ ನೂಲಿನ ದಿಕ್ಕು ಕಣ್ಣಿಗೆ ಕಾಣುತ್ತಿತ್ತು, ಸೀಮೆಸುಣ್ಣದ ಗೆರೆ ಕೂದಲೆಳೆಯಷ್ಟು ಸಣ್ಣಗೆ ಎಳೆಯಬಹುದಾಗಿತ್ತು. ಕತ್ತರಿ ಬಟ್ಟೆಯ ಮೇಲೆ ತಾನಾಗಿ ಹರಿಯಿತು. ಯಂತ್ರದ ಪೆಡಲು ತುಳಿಯುತ್ತ ಅವಳು ಯಾವುದೋ ಹಾಡು ಗುನುಗಿದ್ದನ್ನು ಕೇಳಿ ಅತ್ತೆ, "ಗಂಡ ಊರಲ್ಲಿಲ್ಲ ಅಂದ್ರೆ ಇಷ್ಟು ಖುಷಿಯೇನೇ?" ಎಂದು ಕೆಣಕಿದರು. "ನಿಮ್ಮ ಕಿರಿಸೊಸೆ ಈಗ ನನ್ನ ಕೈಯಾಳು ಅತ್ತೆ. ಬೆಳಕು ಹಿಡ್ಕೊಂಡು ನಿಂತಿದಾಳೆ," ಎಂದಳು ಅವಳು.

ಮೀನಿಗೆ ಚಿಟಿಕೆ ಆಹಾರ ಹಾಕುವಾಗ ಹವಳಗಳು ತಿಳಿಯಾಗುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಮೊದಲು ತುದಿಗಳು, ಆಮೇಲೆ ಮೈ. ಕಂದು ಹೋಗಿ ಬೂದಿ ಬಣ್ಣ, ಬೂದಿ ಹೋಗಿ ಬಿಳಿ. ಬಟ್ಟೆಯೊಡನೆ ಬಾಳಿದವಳು, ಕೊಳೆ ಹೋದರೆ ಬಿಳಿ, ಬಿಳಿಯಾದರೆ ಶುದ್ಧ ಎಂದೇ ಅವಳ ಲೆಕ್ಕ. "ನೋಡಿ ಅತ್ತೆ, ಬೆಳಕಿಗೆ ಬಿಟ್ಟ ಮೇಲೆ ಹೇಗೆ ಕೊಳೆ ಬಿಟ್ಕೊಂಡಿದೆ," ಎಂದು ಕರೆದು ತೋರಿಸಿದಳು. ಅತ್ತೆ ಹೊಸ ಕಣ್ಣಿನಿಂದ ನೋಡಿ, ಸೋಡಾ ಹಾಕಿ ಕುದಿಸಿದಷ್ಟು ಬೆಳ್ಳಗಾಗಿದೆ ಎಂದು ಒಪ್ಪಿದರು. ಇವರಿಬ್ಬರಿಗೂ ಅನುಮಾನ ಬರಲಿಲ್ಲ.

ಶುಕ್ರವಾರ ಒಡತಿ ಎರಡನೆಯ ಕೋಟನ್ನು ಬಿಸಿಲಿಗೆ ಹಿಡಿದರು, ಒಳಗೆ ತಂದರು, ಮತ್ತೆ ಬಿಸಿಲಿಗೆ ಹಿಡಿದರು. ಕೊನೆಗೆ ತಮ್ಮ ಮೈಮೇಲೇ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದರು. "ಸೋಮವಾರದಿಂದ ಬಂದ್ಬಿಡಿ," ಎಂದರು. ಕೆಲಸ ಬಿಡುತ್ತಿದ್ದ ಮುದುಕ ತನ್ನ ಮೇಜಿನಿಂದ ಎದ್ದು ಬಂದು, ಅವಳ ಕೈಗೆ ದೊಡ್ಡ ಕತ್ತರಿ ಕೊಟ್ಟು ಅದರ ಭಾರ ನೋಡಲು ಹೇಳಿದ.

ಈ ಸುದ್ದಿಯನ್ನು ಅವಳು ಫೋನಿನಲ್ಲಿ ಹೇಳಲಿಲ್ಲ. ಬರಲಿ, ಬಂದು ತಾನಾಗಿ ಕೇಳಲಿ, ಆಗ ಹೇಳುತ್ತೇನೆ ಎಂದು ಇಟ್ಟುಕೊಂಡಳು. ಭಾನುವಾರ ಮಧ್ಯಾಹ್ನ ಅವನು ಬರುವ ಹೊತ್ತಿಗೆ ಮೊಬೈಲಿನಲ್ಲಿ ಬೆಳಕನ್ನು ಅವನ ನೀಲಿಗೇ ತಂದಿಟ್ಟು ಯಂತ್ರದ ಮುಂದೆ ಕೂತಳು. ಅವಳ ಕೆಲಸ ಮುಗಿದಿತ್ತು, ಅವನ ಬೆಳಕಿನ ಮೇಲೆ ಅವಳಿಗೇನು ಹಟ?

ಅವನು ಚೀಲ ಹೆಗಲಲ್ಲಿಟ್ಟುಕೊಂಡೇ ತೊಟ್ಟಿಯ ಮುಂದೆ ನಿಂತುಬಿಟ್ಟ. ಹವಳಗಳು ಧಗಧಗ ಎನ್ನುತ್ತಿದ್ದವು. ಹಿಂದೆಂದೂ ಇಲ್ಲದ ಗುಲಾಬಿ, ಉರಿಯುವ ಹಸಿರು, ಕಿತ್ತಳೆ. ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಒಂದೊಂದೂ ಬೆಳಗುತ್ತಿತ್ತು.

"ಬಂತು ಕಣೇ," ಎಂದ ಅವನು ಪಿಸುಮಾತಿನಲ್ಲಿ. "ಬಣ್ಣ ಬಂತು. ನಾನು ಹೇಳ್ಲಿಲ್ವಾ?"

ಅವಳು ಕಾದಳು. ಅವನು ಗುಂಪಿನವರಿಗೆ ಫೋನು ಮಾಡಿದ, ಫೋಟೋ ತೆಗೆದ, ಗಾಜು ಒರೆಸಿದ, ಸ್ನಾನಕ್ಕೆ ಹೋದ. ಕೋಟಿನ ಮಾತು ಬರಲಿಲ್ಲ.

ಸಂಜೆ ಇಬ್ಬರು ಬಂದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬ ಬೇಕರಿಯವನು. ಇಬ್ಬರ ಮನೆಯಲ್ಲೂ ಇಂಥದೇ ತೊಟ್ಟಿ, ಇಂಥದೇ ಹುಚ್ಚು. ಇಬ್ಬರೂ ಅವಳ ಗಂಡನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಬಾಗಿಲಲ್ಲೇ ಬೇಕರಿಯವನು ತಲೆಯ ಮೇಲೆ ಕೈ ಹೊತ್ತುಕೊಂಡ. "ಕ್ಯಾಪ್ಟನ್, ಇದೇನು ಮಾಡಿಬಿಟ್ರಿ? ನಮ್ಮ ಮನೇದು ಇದರ ಮುಂದೆ ಗುಜರಿ."

"ಸೆಟ್ಟಿಂಗ್ ಕಣಯ್ಯ, ಸೆಟ್ಟಿಂಗ್." ಗಂಡ ಕುರ್ಚಿ ಎಳೆದುಕೊಂಡ. "ನೀಲಿ ಜಾಸ್ತಿ, ನೇರಳೆ ಹದವಾಗಿ, ಬಿಳಿ ಚೂರೇ ಚೂರು, ಅಡುಗೆಗೆ ಉಪ್ಪಿನಷ್ಟು. ಸುಮ್ನೆ ಬರಲ್ಲ ಇದು. ತಾಳ್ಮೆ ಬೇಕು. ಅದಕ್ಕಿಂತ ಮುಖ್ಯ, ಕಣ್ಣಿರಬೇಕು."

ಚಹದ ತಟ್ಟೆ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತಳು. ಕಣ್ಣಿರಬೇಕು. ಫುಟ್‌ಪಾತಿನ ಮೇಲೆ ಕಣ್ಣು ತೋರಿಸಿಕೊಳ್ಳಿ ಎನ್ನಿಸಿಕೊಂಡು ಬಂದವಳು ತಾನು. ಇವನಿಲ್ಲದ ವಾರದಲ್ಲಿ ಆದ ಬಣ್ಣಕ್ಕೆ ಇವನು ಮಾಲೆ ಹಾಕಿಸಿಕೊಳ್ಳುತ್ತಿದ್ದಾನೆ.

"ಅದು ಇವರಿಟ್ಟ ಬೆಳಕಲ್ಲ," ಎಂದಳು. "ಈ ವಾರವೆಲ್ಲ ಬೆಳಕು ಇಟ್ಟವಳು ನಾನು."

ಮೂವರೂ ಅವಳನ್ನು ನೋಡಿದರು. ಬೇಕರಿಯವನು ನಕ್ಕ, ತಮಾಷೆಯೆಂದುಕೊಂಡಿರಬೇಕು. ಗಂಡ ಇನ್ನೂ ಜೋರಾಗಿ ನಕ್ಕ. "ಇವಳಾ? ಹೋದ ವಾರ ಏನು ಮಾಡಿದ್ಲು ಗೊತ್ತಾ? ಹಸಿರು ಕೋಟಿಗೆ ಕೆಂಪು ದಾರ ಹಾಕಿ ಹೊಲಿದುಕೊಟ್ಟು ಬಂದ್ಲು. ಕೇಳಿದ್ರೆ ಬೆಳಕು ಸರಿ ಇರಲಿಲ್ವಂತೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

ಅವಳು ತಟ್ಟೆಯನ್ನು ಯಂತ್ರದ ಮೇಲೆ ಕುಕ್ಕಿದಳು. ನೇರ ಹೋಗಿ ಅವನ ಕೈಯಲ್ಲಿದ್ದ ದೀಪದ ಮೊಬೈಲು ಕಿತ್ತುಕೊಂಡು, ಒಂದೇ ಬೆರಳಿನಲ್ಲಿ ಬಿಳಿಯನ್ನು ತುದಿಯವರೆಗೆ ತಳ್ಳಿದಳು. ಕೆಂಪು, ಹಸಿರು, ತನ್ನ ಕೋಟಿನ ಬೆಳಕು.

"ನೋಡಿ," ಎಂದಳು. "ನೀವು ನೀಲಿ ಬಳಿದು ಮುಚ್ಚಿಟ್ಟಿದ್ರಿ. ಮಣ್ಣಿನ ಗೆಡ್ಡೆ ಥರ ಇದ್ದದ್ದನ್ನ ಇಷ್ಟು ಬೆಳ್ಳಗೆ ಮಾಡಿದೀನಿ ನಾನು. ಈಗ ಹೇಳಿ ಯಾರಿಗೆ ಕಣ್ಣಿದೆ ಅಂತ."

ಹವಳಗಳು ಬೆಳ್ಳಗೆ ನಿಂತಿದ್ದವು, ಮೂಳೆಯಷ್ಟು ಬೆಳ್ಳಗೆ.

ಮೂವರ ಬಾಯಿ ಕಟ್ಟಿತೆಂದು ಅವಳಿಗೆ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಡಾಕ್ಟರು ಮಂಡಿಯೂರಿ ಗಾಜಿನ ಮುಂದೆ ಕೂತದ್ದು ಕಂಡಿತು. ರೋಗಿಯ ಬಾಯೊಳಗೆ ನೋಡುವವರ ಹಾಗೆ ಅವರು ಒಂದೊಂದನ್ನೂ ನೋಡುತ್ತ ಹೋದರು.

"ಬಿಳಿಚಿಕೊಂಡಿದೆ ಕ್ಯಾಪ್ಟನ್," ಎಂದರು. "ಎಲ್ಲಾನೂ." ಅವಳ ಕಡೆ ತಿರುಗಿ, "ಈ ಬೆಳಕು ಎಷ್ಟು ಹೊತ್ತು ಇಡ್ತಿದ್ರಿ ಅಮ್ಮ?" ಎಂದು ಕೇಳಿದರು.

"ಬೆಳಿಗ್ಗೆಯಿಂದ ಮಲಗೋವರೆಗೆ. ಇವರು ಹೋದಾಗಿನಿಂದ." ಅವಳ ಧ್ವನಿ ಸಣ್ಣಗಾಯಿತು. "ಯಾಕೆ? ಕೊಳೆ ಹೋಗಿದೆ ಅಲ್ವಾ?"

"ಕೊಳೆ ಅಲ್ಲ ಅದು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರತ್ತೆ, ಕಂದು ಬಣ್ಣ ಅದರದ್ದೇ. ಹವಳಕ್ಕೆ ದಿನಾ ಊಟ ಮಾಡಿ ಹಾಕೋದು ಅದು. ಬೆಳಕು ತಟ್ಟನೆ ಜಾಸ್ತಿಯಾದ್ರೆ ಹವಳ ತಡೀಲಾರದೆ ಅದನ್ನ ಹೊರಗೆ ತಳ್ಳಿಬಿಡತ್ತೆ. ಸ್ವಲ್ಪ ಸ್ವಲ್ಪಾನೇ ಏರಿಸಿದ್ರೆ ಒಗ್ಗಿಕೊಳ್ತಿತ್ತು."

"ಆದ್ರೆ ಆ ಬಣ್ಣ?" ಎಂದ ಗಂಡ. "ಈಗ ನೋಡಿದ್ರಲ್ಲ, ಆ ಬಣ್ಣ?"

"ಉಪವಾಸ ಬಿದ್ದಾಗ ಉಳಿಯೋಕೆ ಒದ್ದಾಡುತ್ತಲ್ಲ, ಆಗ ಬರೋ ಬಣ್ಣ. ನೀಲಿ ಬೆಳಕಲ್ಲಿ ಮಾತ್ರ ಹೊಳೆಯತ್ತೆ."

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಡುಗೆ ಮಾಡೋಳನ್ನ ಹೊರಗೆ ತಳ್ಳಿದ್ರೆ ಮನೆ ಬೆಳ್ಳಗೇ ಇರತ್ತೆ ಬಿಡಪ್ಪ," ಎಂದು ಒಳಗೆ ಹೋದರು.

ಚಹ ಆರಿಹೋಯಿತು. ಬಂದವರಿಬ್ಬರೂ ಸಾವಿನ ಮನೆಯಿಂದ ಹೊರಡುವವರಂತೆ ಹೇಳಿಯೂ ಹೇಳದೆ ಹೊರಟರು. ಗಂಡ ಬೆಳಕನ್ನು ಇಳಿಸುತ್ತ ಬಂದು, ಇದೆಯೋ ಇಲ್ಲವೋ ಎನ್ನುವಷ್ಟಕ್ಕೆ ತಂದು ನಿಲ್ಲಿಸಿದ. ಹಾಲು ಕತ್ತಲಾಯಿತು. ಅವನು ನೆಲದ ಮೇಲೆ ಕೂತಿದ್ದ, ಅವಳು ಯಂತ್ರದ ಮುಂದಿನ ಸ್ಟೂಲಿನ ಮೇಲೆ. ಅವಳಿಗೆ ಅಯ್ಯೋ ಎನ್ನಿಸುತ್ತಿತ್ತು. ಬಾಯಿಲ್ಲದ ಜೀವ, ತನ್ನ ಕಣ್ಣೆದುರೇ ಹಸಿದು ಬಿಳಿಚಿಕೊಂಡದ್ದನ್ನು ತಾನು ಶುದ್ಧವಾಯಿತೆಂದು ಮೆಚ್ಚಿದ್ದಳು. ಆ ಸಂಕಟದ ನಡುವೆಯೂ ಸಿಟ್ಟು ಇಳಿದಿರಲಿಲ್ಲ. ಎರಡೂ ಒಟ್ಟಿಗೇ ಇದ್ದವು. ಅದಕ್ಕೇ ಅಳು ಬರಲಿಲ್ಲ.

"ಬದುಕುತ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ. ಮಬ್ಬಲ್ಲಿಟ್ಟು ಕಾಯ್ಬೇಕು. ಒಂದೆರಡು ಬದುಕಿದ್ರೂ ಬದುಕಬಹುದು." ಗಾಜಿನ ಮೇಲೆ ಕೈಯಿಟ್ಟು ಹೇಳಿದ, "ನಂಗೊಂದು ಮಾತು ಹೇಳಬಹುದಿತ್ತಲ್ಲ ನೀನು."

"ಹೇಳಿದ್ದೆ."

ಹೇಳಿರಲಿಲ್ಲ ಎನ್ನಲು ಬಾಯಿ ತೆರೆದವನು ಅಡುಗೆಮನೆಯ ದೀಪದತ್ತ ನೋಡಿ ಮತ್ತೆ ಮುಚ್ಚಿಕೊಂಡ.

"ಆ ಕೋಟಿಗೋಸ್ಕರ ಇದನ್ನೆಲ್ಲ..." ಎಂದು ಶುರುಮಾಡಿದ. ಧ್ವನಿ ಏರಿತು, ಅರ್ಧಕ್ಕೇ ಇಳಿಯಿತು. "ಏನಾಯ್ತು ಆ ಕೋಟು?"

ಮಧ್ಯಾಹ್ನದಿಂದ ಅವಳು ಕಾದದ್ದು ಈ ಪ್ರಶ್ನೆಗೇ. ಈಗ ಬಂತು, ಊಟ ಮುಗಿದ ಮೇಲೆ ಬಡಿಸಿದ ಹಾಗೆ.

"ಒಪ್ಪಿದ್ರು. ನಾಳೆಯಿಂದ ಕಟಿಂಗ್ ಮೇಜು ನಂದು."

ಅವನು ತಲೆಯೆತ್ತಿದ. ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ. "ಹೇಳ್ಲೇ ಇಲ್ಲ ನೀನು."

"ನೀವು ಕೇಳ್ಲೇ ಇಲ್ಲ. ಚೀಲಾನೂ ಇಳಿಸ್ದೆ ಅದರ ಮುಂದೆ ನಿಂತ್ರಿ."

ಅವನು ಎದ್ದ. ಕೋಣೆಯಿಂದ ದಪ್ಪ ಚಾದರ ತಂದು ತೊಟ್ಟಿಗೆ ಮೂರೂ ಕಡೆಯಿಂದ ಹೊದಿಸಿದ, ಅಂಚುಗಳನ್ನು ಎಳೆದು ಸರಿಮಾಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವಳು ಚಹದ ಲೋಟಗಳನ್ನು ತೊಳೆದಿಟ್ಟಳು. ನಾಳೆ ಉಡಬೇಕಾದ ಸೀರೆ ತೆಗೆದು ಮಡಿಕೆ ಬಿಡಿಸುತ್ತಿರುವಾಗ ಅವನು ಬಂದ, ಕೈಯಲ್ಲಿ ಉದ್ದದ ರಟ್ಟಿನ ಪೊಟ್ಟಣ. ಅದರಿಂದ ಹೊಸ ಟ್ಯೂಬ್‌ಲೈಟು ತೆಗೆದು, ಅವಳ ಯಂತ್ರದ ಮುಂದಿನ ಸ್ಟೂಲನ್ನು ಗೋಡೆಗೆ ಎಳೆದುಕೊಂಡು ಹತ್ತಿದ.

"ಅದು ಹೊದ್ದುಕೊಂಡಿದೆ, ಈಗ ಏನೂ ತೊಂದರೆ ಇಲ್ಲ," ಎಂದ ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ. "ಯಂತ್ರದ ಮೇಲಕ್ಕೇ ಹಾಕ್ತೀನಿ. ಬಿಳೀದೇ ತಂದಿದೀನಿ. ಇಲ್ಲಿಗೆ ಸಾಕಾ, ಇನ್ನೂ ಸ್ವಲ್ಪ ಎಡಕ್ಕೆ ಬೇಕಾ?"

ಯಾವ ಬೆಳಕು ಬೇಕೆಂದು ಅವನು ಅವಳನ್ನು ಕೇಳಿದ್ದು ಇದೇ ಮೊದಲು. ಅವಳು ಸೀರೆಯ ಮೇಲೆ ಕೈಯಾಡಿಸಿದಳು.

"ಎಲ್ಲಾದ್ರೂ ಹಾಕಿ. ನನಗೋಸ್ಕರ ಅಂತಾದ್ರೆ ಬೇಡ. ನಾನು ಇನ್ನು ಈ ಹಾಲಲ್ಲಿ ಹೊಲಿಯಲ್ಲ."

ಅವನು ತಿರುಗಲಿಲ್ಲ. "ಇಳಿಯೋ, ಬಿದ್ದೀಯ," ಎಂದರು ಅತ್ತೆ ಒಳಗಿನಿಂದ. ಅವನು ಇಳಿಯಲೂ ಇಲ್ಲ. ಸ್ಟೂಲಿನ ಮೇಲೆ ನಿಂತೇ ಇದ್ದ, ಎರಡೂ ಕೈಯಲ್ಲಿ ಆ ಉದ್ದನೆಯ ಗಾಜನ್ನು ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು.